ಒಂದು ದಿನದ ಚಾರಣ: ಕಿಲೋಮೀಟರ್ ನೋಡಿ ಬೆಟ್ಟ ಆರಿಸಬೇಡಿ

‘ಹೋಗಿ ಬರಲು 8 ಕಿ.ಮೀ.’ ಎಂದು ಓದಿದ ಕೂಡಲೇ ಮನಸ್ಸು ಲೆಕ್ಕ ಹಾಕಿಬಿಡುತ್ತದೆ: ರಸ್ತೆಯಲ್ಲಾದರೆ ಎರಡು ಗಂಟೆ, ಬೆಟ್ಟದಲ್ಲಿ ಮೂರಾದೀತು. ಆದರೆ ಆ 8 ಕಿ.ಮೀ.ಯೊಳಗೆ 900 ಮೀಟರ್ ಏರು ಅಡಗಿದ್ದರೆ ಹೊಸಬರಿಗೆ ಅದು ಆರು ಗಂಟೆಯ ಕೆಲಸ. ಹಾಗಾಗಿ ಮೊದಲು ನೋಡಬೇಕಾದದ್ದು ಎಷ್ಟು ಏರು ಎಂದು, ಆಮೇಲೆ ಬೆಳಕಿರುವಾಗಲೇ ಕೆಳಗಿಳಿಯಲು ಆಗುತ್ತದೆಯೇ ಎಂದು. ತುದಿಯ ಫೋಟೋ ಎಷ್ಟು ಚೆನ್ನಾಗಿದೆ ಎಂಬುದು ಇವೆರಡು ಮುಗಿದ ಮೇಲಿನ ಮಾತು.

ಸಮಯ ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ: 3 ಮೈಲಿಗೆ ಒಂದು ಗಂಟೆ, 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಲೆಕ್ಕಕ್ಕೆ ಸುಮಾರು 5 ಕಿ.ಮೀ.ಗೆ ಒಂದು, 600 ಮೀಟರ್ ಏರಿಗೆ ಒಂದು. ಇಳಿಯುವುದಕ್ಕೆ ಎರಿಕ್ ಲ್ಯಾಂಗ್‌ಮಿಯರ್ ಮಾಡಿದ ತಿದ್ದುಪಡಿಯನ್ನೂ ಸೇರಿಸಿಕೊಳ್ಳಿ: 12 ಡಿಗ್ರಿಗಿಂತ ಕಡಿದಾದ ಇಳಿಜಾರಾದರೆ ಪ್ರತಿ 300 ಮೀಟರ್‌ಗೆ 10 ನಿಮಿಷ ಕೂಡಿಸಬೇಕು; 5ರಿಂದ 12 ಡಿಗ್ರಿಯ ಹದವಾದ ಇಳಿಜಾರಾದರೆ ಅಷ್ಟನ್ನೇ ಕಳೆಯಬೇಕು.

ಮೇಲಿನ ಬೆಟ್ಟವನ್ನೇ ತೆಗೆದುಕೊಳ್ಳಿ. ಒಂದು ದಿಕ್ಕಿಗೆ 4 ಕಿ.ಮೀ., ಅದರಲ್ಲಿ 900 ಮೀಟರ್ ಏರು. ಸರಾಸರಿ ಇಳಿಜಾರು 12 ಡಿಗ್ರಿ ದಾಟಿತು. ನಡಿಗೆಗೆ 1 ಗಂಟೆ 36 ನಿಮಿಷ, ಏರಿಗೆ ಒಂದೂವರೆ ಗಂಟೆ, ಕಡಿದಾದ ಇಳಿಜಾರಿಗೆ ಅರ್ಧ ಗಂಟೆ. ಒಟ್ಟು 3 ಗಂಟೆ 36 ನಿಮಿಷ. ಇದು ಪಳಗಿದ ಕಾಲುಗಳು ಎಲ್ಲೂ ಕೂರದೆ ನಡೆದರೆ. ಗುಂಪಿನಲ್ಲಿ ಹೊಸಬರಿದ್ದರೆ ಅರ್ಧದಷ್ಟು ಹೆಚ್ಚಿಸಿ, ಗಂಟೆಗೆ ಹತ್ತು ನಿಮಿಷ ವಿಶ್ರಾಂತಿ ಸೇರಿಸಿ: ಆರೂಕಾಲು ಗಂಟೆ. ಲೆಕ್ಕ ಯಾವಾಗಲೂ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರದು. ಮೊದಲ ಸಲದವರಿಗೆ 300ರಿಂದ 500 ಮೀಟರ್ ಏರು ಧಾರಾಳ ಸಾಕು.

ಏರನ್ನು ಎಣಿಸುವಲ್ಲೂ ಒಂದು ಮೋಸವಿದೆ. ಬುಡ 700 ಮೀಟರ್, ತುದಿ 1,500 ಮೀಟರ್ ಎಂದಾಗ ಏರು 800 ಎಂದುಕೊಳ್ಳುತ್ತೇವೆ. ಆದರೆ ದಾರಿ 1,100ಕ್ಕೆ ಹತ್ತಿ, 950ಕ್ಕೆ ಇಳಿದು, ಮತ್ತೆ ತುದಿಗೆ ಹತ್ತುವುದಾದರೆ ಹೋಗುವಾಗಲೇ 950 ಮೀಟರ್ ಆಯಿತು. ವಾಪಸು ಬರುವಾಗ ಆ ನಡುವಿನ ದಿಣ್ಣೆಯ 150 ಮೀಟರ್ ಮತ್ತೆ ಹತ್ತಬೇಕು, ಅದೂ ಕಾಲು ಸೋತ ಹೊತ್ತಿನಲ್ಲಿ. ಒಟ್ಟು 1,100. ಬೇರೆಯವರು ದಾಖಲಿಸಿದ ಜಿಪಿಎಸ್ ಜಾಡನ್ನು ಇಟ್ಟುಕೊಂಡವರಿಗೂ ಒಂದು ಮಾತು: ಒಂದೇ ದಾರಿಗೆ ಎರಡು ಫೋನುಗಳು ಬೇರೆ ಬೇರೆ ಏರು ತೋರಿಸುವುದು ಮಾಮೂಲು. ಅಲ್ಲಿ ಬರೆದ ಸಮಯ ಕೂತ ಹೊತ್ತನ್ನು ಬಿಟ್ಟು ಬರೀ ನಡಿಗೆಯದ್ದಿರಬಹುದು. ಯಾವ ತಿಂಗಳಿನ ಜಾಡು ಎಂದೂ ನೋಡಿ. ಬೇಸಗೆಯ ಕಾಲುಹಾದಿ ಮಳೆಗಾಲದಲ್ಲಿ ಹಳ್ಳವಾಗಿರುತ್ತದೆ.

ದೂರದ ಬೆಟ್ಟ ಎಲ್ಲಿ ನುಣ್ಣಗಿಲ್ಲ ಎಂಬುದನ್ನು ನಕ್ಷೆಯ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು, ಹೇಳುತ್ತವೆ. ರೇಖೆಗಳು ಒತ್ತೊತ್ತಾಗಿದ್ದಷ್ಟೂ ದಾರಿ ಕಡಿದು. ಆದರೆ ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇರುವ ನಕ್ಷೆಯಲ್ಲಿ 15 ಮೀಟರ್ ಎತ್ತರದ ನೆಟ್ಟಗಿನ ಬಂಡೆಯೊಂದು ಯಾವ ಗುರುತೂ ಇಲ್ಲದೆ ಕೂತಿರಬಲ್ಲದು. ಅದಕ್ಕೇ ದಾರಿಯ ದರ್ಜೆಯನ್ನೂ ವಿಚಾರಿಸಬೇಕು. ‘ಮಧ್ಯಮ’ ಎಂಬ ಪದದಿಂದ ಏನೂ ತಿಳಿಯುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಚಾರಣದ ದಾರಿಗಳಿಗೆ ಸುಲಭದ ಟಿ1ರಿಂದ ಅತಿ ಕಷ್ಟದ ಟಿ6ರವರೆಗೆ ದರ್ಜೆಗಳಿವೆ. ಟಿ3ರಲ್ಲಿ ಸಮತೋಲನಕ್ಕೆ ಅಲ್ಲಲ್ಲಿ ಕೈ ಊರಬೇಕಾಗಬಹುದು. ಇಂಥ ಅಳತೆ ಇಲ್ಲದ ಕಡೆ ಹೋಗಿ ಬಂದವರನ್ನು ನೇರವಾಗಿ ಕೇಳಿ: ಎಲ್ಲಾದರೂ ಕೈ ಬಳಸಬೇಕೇ? ಕಾಲು ಜಾರಿದರೆ ಎಷ್ಟು ಆಳಕ್ಕೆ?

ಹತ್ತುವ ದಾರಿ, ಇಳಿಯುವ ದಾರಿ ಬೇರೆ ಬೇರೆಯಾಗಿ ಸುತ್ತಿ ಬರುವ ಹಾದಿಯಿದ್ದರೆ ಕಡಿದಾದ ಪಕ್ಕದಿಂದ ಹತ್ತಿ, ಹದವಾದ ಪಕ್ಕದಿಂದ ಇಳಿಯಿರಿ. ಹತ್ತುವಾಗ ಉಸಿರು ಸೋಲುತ್ತದೆ, ನಿಂತರೆ ಮರಳುತ್ತದೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕು. ಅವು ಸೋತು ನಡುಗತೊಡಗಿದರೆ ಐದು ನಿಮಿಷ ಕೂತರೂ ಸರಿಹೋಗುವುದಿಲ್ಲ. ಸಡಿಲ ಜಲ್ಲಿ, ಒದ್ದೆ ಬೇರು, ಪಾಚಿ ಕಟ್ಟಿದ ಬಂಡೆಯ ಮೇಲೆ ಆಗ ಕಾಲು ತಪ್ಪುತ್ತದೆ. ಆದರೂ ಗೊತ್ತಿಲ್ಲದ ಬೆಟ್ಟಕ್ಕೆ ಮೊದಲ ಸಲ ಹೋಗುವಾಗ ಬಂದ ದಾರಿಯಲ್ಲೇ ಮರಳುವುದು ವಾಸಿ. ಸುತ್ತುಹಾದಿಯಲ್ಲಿ ಅರ್ಧ ದಾಟಿದ ಮೇಲೆ ಸುಸ್ತಾದರೆ, ಅಡ್ಡದಾರಿ ಇಲ್ಲದಿದ್ದಲ್ಲಿ, ಹಿಂದೆ ಹೋದರೂ ದೂರ, ಮುಂದೆ ಹೋದರೂ ದೂರ.

ನೀರು ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಇನ್ನೂ ಹೆಚ್ಚು. ಆರು ಗಂಟೆಗೆ 3 ಲೀಟರ್, ಅಂದರೆ ಬೆನ್ನ ಮೇಲೆ 3 ಕಿಲೋ. ನಕ್ಷೆಯಲ್ಲಿ ತುಂಡು ತುಂಡಾದ ನೀಲಿ ಗೆರೆ ಕಂಡರೆ ಸಾಮಾನ್ಯವಾಗಿ ಅದು ವರ್ಷವಿಡೀ ಹರಿಯದ ತೊರೆ. ಅದನ್ನು ನಂಬಿ ಬಾಟಲಿ ಕಡಿಮೆ ಮಾಡಬೇಡಿ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಮಧ್ಯಾಹ್ನ ಮೇಲೆಲ್ಲೋ ಮಳೆ ಸುರಿದರೆ ಸಂಜೆಗೆ ದಾಟಲಾಗದಷ್ಟು ಏರಬಹುದು. ಸೇತುವೆ ಇಲ್ಲದ ತೊರೆ ಅಡ್ಡ ಬರುವ ದಾರಿಯನ್ನು ಮಳೆಯ ಮುನ್ಸೂಚನೆಯಿರುವ ದಿನ ಬಿಟ್ಟೇ ಬಿಡಿ. ಸೆಕೆಗಾಲದಲ್ಲಿ ಪಶ್ಚಿಮದ ಇಳಿಜಾರಿನಿಂದ ಹತ್ತುವ ದಾರಿ ಸಿಕ್ಕರೆ ಬೆಳಗಿನ ಹೊತ್ತು ನೆರಳು ಸಿಗುತ್ತದೆ.

ಹವಾಮಾನದ ಮುನ್ಸೂಚನೆ ಬುಡದ ಊರಿನದಾಗಿದ್ದರೆ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿಯಂತೆ ಕಳೆದು ಓದಿ. ಕೆಳಗೆ 28 ಡಿಗ್ರಿಯಾದರೆ 900 ಮೀಟರ್ ಮೇಲೆ 22ರ ಆಸುಪಾಸು. ಬೆವರಿನ ಅಂಗಿಗೆ ಗಾಳಿ ಬಡಿದರೆ ಅದಕ್ಕಿಂತ ಎಷ್ಟೋ ಚಳಿ. ಸಿಡಿಲಿನ ಕಾಲದಲ್ಲಿ ಮಧ್ಯಾಹ್ನದೊಳಗೆ ಬೋಳು ತುದಿಯಿಂದ ಇಳಿದಿರಬೇಕು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಇದ್ದರೆ ಸಿಡಿಲು ಸುಮಾರು 10 ಕಿ.ಮೀ. ದೂರದಲ್ಲಿದೆ. ಅದಕ್ಕಿಂತ ಕಡಿಮೆ ಎಣಿಸಿದರೆ ಕೂಡಲೇ ಕೆಳಗಿಳಿಯಿರಿ.

ಎಲ್ಲಿಗೆ ತಲುಪಿದ್ದರೂ ಹಿಂದಿರುಗಲೇಬೇಕಾದ ಹೊತ್ತನ್ನು ಮನೆಯಲ್ಲೇ ನಿಗದಿ ಮಾಡಿ. ಸೂರ್ಯಾಸ್ತ 6.15ಕ್ಕೆ, ಎರಡು ಗಂಟೆ ಕೈಯಲ್ಲಿರಲಿ, ಇಳಿಯಲು ಎರಡೂವರೆ ಗಂಟೆ ಎಂದಾದರೆ 1.45ಕ್ಕೆ ತುದಿ ಇನ್ನು ಇನ್ನೂರೇ ಮೀಟರ್ ಇದ್ದರೂ ತಿರುಗಬೇಕು. ಅಲ್ಲಿ ನಿಂತು ಯೋಚಿಸಿದರೆ ಯಾರೂ ತಿರುಗುವುದಿಲ್ಲ. ದಾರಿಯ ಹೆಸರು, ಹಿಂದಿರುಗುವ ಈ ಹೊತ್ತು, ಎಷ್ಟು ಗಂಟೆಯವರೆಗೆ ಫೋನ್ ಬರದಿದ್ದರೆ ಹುಡುಕಿಸಬೇಕು ಎಂಬುದನ್ನು ಮನೆಯವರಿಗೆ ಬರೆದು ಕೊಟ್ಟು ಹೋಗಿ. ಅದೇ ಬುಡದಿಂದ ಹೊರಡುವ, ಇದರ ಅರ್ಧ ಏರಿನ ಇನ್ನೊಂದು ದಾರಿಯನ್ನೂ ಫೋನಿನಲ್ಲಿ ಇಳಿಸಿಕೊಂಡಿರಿ. ಬೆಳಿಗ್ಗೆ ಹೊರಡುವುದು ಒಂದು ಗಂಟೆ ತಡವಾದರೆ ಆ ದಿನದ ಬೆಟ್ಟ ಅದೇ.