ಮಗಳು ಬೊಂಬೆಗೆ ಬೈದ ಸಂಜೆ

ಆ ಸಂಜೆ ನಾನು ಬಟ್ಟೆ ಮಡಚುತ್ತಾ ಕೂತಿದ್ದೆ. ಮಗಳು ಪಕ್ಕದಲ್ಲೇ ನೆಲದ ಮೇಲೆ ಆಡುತ್ತಿದ್ದಳು. ಬೊಂಬೆಯನ್ನು ಗೋಡೆಗೆ ಒರಗಿಸಿ ಕೂರಿಸಿದಳು. ಅದು ವಾಲಿ ಬಿತ್ತು. ಎತ್ತಿ ಮತ್ತೆ ಕೂರಿಸಿದಳು, ಈ ಸಲ ಸ್ವಲ್ಪ ಜೋರಾಗಿ. ಆಮೇಲೆ ಬೊಂಬೆಯ ಎರಡೂ ಕೈ ಹಿಡಿದು ಅದರ ಎದೆಗೆ ಒತ್ತಿ, ತನ್ನ ತುಟಿಯ ಮೇಲೆ ಬೆರಳಿಟ್ಟುಕೊಂಡು ಹೇಳಿದಳು: "ಕೈ ಕಟ್ಟು. ಬಾಯಿ ಮುಚ್ಚು."

ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿದವರಲ್ಲ. ಅವಳಿಗೆ ಆಗ ಎರಡು ವರ್ಷ ಮೂರು ತಿಂಗಳು. ಡೇಕೇರ್‌ಗೆ ಹಾಕಿ ಐದು ವಾರ ಆಗಿತ್ತು.

ಅಲ್ಲಿಯವರೆಗೆ ಅವಳನ್ನು ನೋಡಿಕೊಂಡಿದ್ದು ನನ್ನ ಅಮ್ಮ. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಲೇಬೇಕು ಅಂತ ಡಾಕ್ಟರ್ ಹೇಳಿದ ಮೇಲೆ ನಮ್ಮ ಕೈಯಲ್ಲಿ ಒಂದೂವರೆ ತಿಂಗಳು ಮಾತ್ರ ಇತ್ತು. ಗಾಬರಿಯಲ್ಲಿ ಒಂದು ಪಟ್ಟಿ ಮಾಡಿದೆ. ಕ್ಲೀನ್ ಇರಬೇಕು, ಗೇಟಿಗೆ ಬೀಗ ಇರಬೇಕು, ಸಿಸಿಟಿವಿ ಇರಬೇಕು, ಆಫೀಸಿಗೆ ಹತ್ತಿರ ಇರಬೇಕು. ಇವೆಲ್ಲ ಬೇಡ ಅಂತಲ್ಲ. ಆದರೆ ಆ ಪಟ್ಟಿಯಲ್ಲಿ ಒಬ್ಬ ಮನುಷ್ಯರೂ ಇರಲಿಲ್ಲ. ದಿನಕ್ಕೆ ಒಂಬತ್ತು ಗಂಟೆ ನನ್ನ ಮಗಳನ್ನು ಎತ್ತಿಕೊಳ್ಳುವ ಕೈ ಯಾರದು ಅಂತ ನಾನು ಕೇಳಲೇ ಇಲ್ಲ.

ನಾವು ನೋಡಲು ಹೋಗಿದ್ದು ಬೆಳಗ್ಗೆ 10:30ಕ್ಕೆ. ಮಕ್ಕಳೆಲ್ಲ ಸಾಲಾಗಿ ಕೂತು ಹಾಡು ಹೇಳುತ್ತಿದ್ದರು. ಗೋಡೆ ತುಂಬ ಬಣ್ಣ. ಮೊಬೈಲಿನಲ್ಲೇ ಮಗುವನ್ನು ನೋಡಬಹುದು ಅಂದರು. ಅಲ್ಲೇ ಅಡ್ವಾನ್ಸ್ ಕಟ್ಟಿ ಬಂದೆವು.

ಆ ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಯಾರೂ ಮಗುವನ್ನು ಹೊಡೆಯಲಿಲ್ಲ, ಹಸಿವಿನಲ್ಲಿ ಕೂರಿಸಲಿಲ್ಲ. ಆದರೆ ಹದಿನೆಂಟು ಮಕ್ಕಳಿಗೆ ಇದ್ದವರು ಇಬ್ಬರು. ಇಬ್ಬರಿಗೆ ಹದಿನೆಂಟು ಪುಟ್ಟ ಮಕ್ಕಳನ್ನು ಕೊಟ್ಟರೆ, ಎಷ್ಟೇ ಒಳ್ಳೆಯವರಾದರೂ ಕೈ ಕಟ್ಟಿ ಕೂರಿಸುವುದು ಬಿಟ್ಟು ಬೇರೆ ಏನು ಮಾಡಲು ಆಗುತ್ತೆ? ಆ ಇಬ್ಬರ ಮೇಲೆ ನನಗೆ ಇವತ್ತಿಗೂ ಕೋಪ ಇಲ್ಲ. ಆ ಲೆಕ್ಕ ಹಾಕಿದವರ ಮೇಲೆ ಇದೆ.

ಸಿಸಿಟಿವಿಯಲ್ಲಿ ನಾನು ದಿನಾ ನೋಡುತ್ತಿದ್ದೆ. ಮೂರನೇ ವಾರದಿಂದ ಮಗಳು ಹೆಚ್ಚಾಗಿ ಚಪ್ಪಲಿ ಸ್ಟ್ಯಾಂಡ್ ಪಕ್ಕದಲ್ಲೇ ಇರುತ್ತಿದ್ದಳು. ತನ್ನ ಒಂದು ಶೂ ಎತ್ತಿ ತೊಡೆ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದಳು. ಏನೋ ಆಟ ಆಡುತ್ತಿದ್ದಾಳೆ ಅಂದುಕೊಂಡೆ. ಅದು ಆಟ ಅಲ್ಲ, ಮನೆಗೆ ಹೊರಡಲು ರೆಡಿಯಾಗಿ ಕೂತಿದ್ದಳು ಅಂತ ಬೊಂಬೆಯ ದಿನ ರಾತ್ರಿ ಹೊಳೆಯಿತು. ಆ ಕ್ಯಾಮೆರಾದಲ್ಲಿ ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅಲ್ಲಿ ಅವಳಿಗೆ ಯಾರು ಏನು ಹೇಳುತ್ತಿದ್ದರು, ಅವಳು ಕರೆದರೆ ಯಾರಾದರೂ ಓ ಅನ್ನುತ್ತಿದ್ದರಾ, ಅದೇ ನನಗೆ ಬೇಕಾಗಿದ್ದು.

ಮಾರನೇ ದಿನ ಹೋಗಿ ಕೇಳಿದೆ. "ಎಲ್ಲ ಮಕ್ಕಳೂ ಮೊದಮೊದಲು ಹೀಗೇ ಮೇಡಂ, ಸರಿಹೋಗ್ತಾರೆ" ಅಂದರು. ಒಂದು ಅರ್ಧ ಗಂಟೆ ಒಳಗೆ ಕೂತುಕೊಳ್ಳಲಾ ಅಂದೆ. ಪೇರೆಂಟ್ಸ್ ಒಳಗೆ ಬಂದರೆ ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ, ಯಾರನ್ನೂ ಬಿಡಲ್ಲ ಅಂದರು. ಆ ಉತ್ತರ ಕೇಳಿದ ಮೇಲೆ ನನಗೂ ನನ್ನ ಗಂಡನಿಗೂ ಬೇರೆ ಚರ್ಚೆ ಬೇಕಾಗಲಿಲ್ಲ. ವಾರದ ಕೊನೆಗೆ ಬಿಡಿಸಿದೆವು. ಮೂರು ವಾರ ಇಬ್ಬರೂ ಸರದಿಯಲ್ಲಿ ರಜೆ ಹಾಕಿ ಮನೆಯಲ್ಲಿದ್ದೆವು.

ಮೊದಮೊದಲು ಅಳುವುದು ಸಹಜ ಅನ್ನುವ ಮಾತು ಸುಳ್ಳಲ್ಲ. ಅಪ್ಪ ಅಮ್ಮನನ್ನು ಬಿಟ್ಟಿರುವ ಭಯ ಹತ್ತು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ತುಂಬಾ ಜೋರಾಗಿರುತ್ತೆ. ಆಮೇಲೂ ಜಾಗ ಬದಲಾದಾಗ, ಹುಷಾರಿಲ್ಲದಾಗ ಮತ್ತೆ ಬರುತ್ತೆ. ಹಾಗಾಗಿ ಗೇಟಿನ ಹತ್ತಿರ ಎಷ್ಟು ಅತ್ತಳು ಅಂತ ನೋಡಿ ಏನೂ ತೀರ್ಮಾನ ಮಾಡಲು ಆಗಲ್ಲ. ಆ ಮೂರು ವಾರದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಮೇರಿ ಐನ್ಸ್‌ವರ್ತ್ ಅಂತ ಒಬ್ಬ ಮನಶ್ಶಾಸ್ತ್ರಜ್ಞೆ. ಪುಟ್ಟ ಮಕ್ಕಳನ್ನು ಅಮ್ಮನಿಂದ ಕೆಲವು ನಿಮಿಷ ಬೇರೆ ಮಾಡಿ, ಮತ್ತೆ ಅಮ್ಮ ಬಂದಾಗ ಏನಾಗುತ್ತೆ ಅಂತ ಗಮನಿಸಿದವರು. ಬಿಟ್ಟು ಹೋದಾಗಿನ ಅಳುವಿಗಿಂತ, ಮತ್ತೆ ಸೇರಿದಾಗ ಮಗು ಹೇಗೆ ಹತ್ತಿರ ಬರುತ್ತೆ, ಹೇಗೆ ಸಮಾಧಾನ ಆಗುತ್ತೆ ಅನ್ನುವುದೇ ಅವರಿಗೆ ಜಾಸ್ತಿ ಹೇಳಿತು. ಅವರ ಪ್ರಯೋಗ ಡೇಕೇರ್ ಅಳೆಯುವುದಕ್ಕೆ ಮಾಡಿದ್ದಲ್ಲ. ಆದರೂ ಅದು ನನ್ನ ಕಣ್ಣನ್ನು ಬೇರೆ ಕಡೆಗೆ ತಿರುಗಿಸಿತು. ಅಳುವ ಮಗುವನ್ನು ಎತ್ತಿಕೊಳ್ಳುವವರು ಯಾರು? ಅವರ ಕೈಯಲ್ಲಿ ಮಗು ಸುಮ್ಮನಾಗುತ್ತಾ, ಅಥವಾ ಅತ್ತು ಅತ್ತು ಸುಸ್ತಾಗಿ ನಿಲ್ಲಿಸುತ್ತಾ? ಎರಡೂ ದೂರದಿಂದ ಒಂದೇ ಥರ ಕಾಣುತ್ತೆ.

ಎರಡನೇ ಸಲ ಹುಡುಕಲು ಹೊರಟಾಗ ಪಟ್ಟಿ ಹರಿದು ಹಾಕಿದೆ. ಬೆಳಗ್ಗೆ ಹೋಗುವುದನ್ನೂ ಬಿಟ್ಟೆ. ಸಂಜೆ 4 ಗಂಟೆಗೆ ಹೋಗುತ್ತಿದ್ದೆ. ಮಕ್ಕಳು ಮಧ್ಯಾಹ್ನದ ನಿದ್ದೆಯಿಂದ ಏಳುವ ಹೊತ್ತು ಅದು. ಕೆಲವರಿಗೆ ಅರ್ಧ ನಿದ್ದೆ, ಕೆಲವರಿಗೆ ಹಸಿವು, ಒಬ್ಬರದು ಡೈಪರ್ ಒದ್ದೆ, ಇನ್ನೊಬ್ಬರಿಗೆ ಅಮ್ಮ ಬೇಕು. ನೋಡಿಕೊಳ್ಳುವವರಿಗೂ ಸುಸ್ತಾಗಿರುತ್ತೆ. ಆ ಹೊತ್ತಿನಲ್ಲಿ ಕಾಣುವುದೇ ಆ ಮನೆಯ ನಿಜವಾದ ಸ್ವಭಾವ. ಆ ಹೊತ್ತಿಗೆ ಬರಬೇಡಿ ಅಂದ ಎರಡು ಕಡೆಗೆ ನಾನು ಮತ್ತೆ ಫೋನ್ ಮಾಡಲಿಲ್ಲ.

ಒಂದು ಕಡೆ ನಾನು ಹೋದಾಗ ಟಿವಿ ಹಾಕಿ ಮಕ್ಕಳನ್ನೆಲ್ಲ ಮುಂದೆ ಕೂರಿಸಿದ್ದರು. ದಿನಾ ಎಷ್ಟು ಹೊತ್ತು ಅಂದರೆ, ಎಲ್ಲರೂ ಹೋಗುವವರೆಗೆ ಅಂದರು. ಅಂದರೆ ಎರಡು ಗಂಟೆ. ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆ ಆದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಇನ್ನೊಂದು ಕಡೆ ಬೋರ್ಡಿನ ಮೇಲೆ ದೊಡ್ಡದಾಗಿ ಮಾಂಟೆಸ್ಸರಿ ಅಂತ ಇತ್ತು. ಒಳಗೆ ಮೂರು ವರ್ಷದ ಮಕ್ಕಳೆಲ್ಲ ಒಂದು ರೂಮಿನಲ್ಲಿ ಡೆಸ್ಕ್ ಮುಂದೆ ಕೂತು ಒಂದೇ ಅಕ್ಷರ ತಿದ್ದುತ್ತಿದ್ದರು. ಬೇಗ ಮುಗಿಸಿದವರಿಗೆ ಕೈ ಮೇಲೆ ಸ್ಟಾರ್. ನನಗೆ ನಿಜವಾಗಲೂ ಬೇಜಾರಾಯಿತು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಇರುವುದು, ಮಗುವಿನ ಕೈಗೆ ಎಟುಕುವ ಕಪಾಟು, ತನಗೆ ಬೇಕಾದ ಕೆಲಸ ತಾನೇ ಆರಿಸಿಕೊಳ್ಳುವುದು, ಬಹುಮಾನವೂ ಬೇಡ ಶಿಕ್ಷೆಯೂ ಬೇಡ ಅನ್ನುವುದು, ಇವೇ ಆ ಪದ್ಧತಿಯ ಜೀವ. ಹೆಸರು ಮಾತ್ರ ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು. ಹಾಗಾಗಿ ಬೋರ್ಡ್ ಓದಬೇಡಿ, ಕಪಾಟು ಎಷ್ಟು ಎತ್ತರದಲ್ಲಿದೆ ನೋಡಿ.

ಕನ್ನಡದಲ್ಲಿ ನಾವು ಇದಕ್ಕೆ ಶಿಶುವಿಹಾರ ಅನ್ನುತ್ತೇವೆ. ಆ ಪದದಲ್ಲಿ ಪಾಠವೂ ಇಲ್ಲ, ಶಾಲೆಯೂ ಇಲ್ಲ. ವಿಹಾರ ಇದೆ. ಜರ್ಮನಿಯಲ್ಲಿ ಫ್ರೋಬೆಲ್ ಅನ್ನುವ ಶಿಕ್ಷಣ ತಜ್ಞರು ತಮ್ಮ ಮಕ್ಕಳ ಕೇಂದ್ರಕ್ಕೆ 1840ರಲ್ಲಿ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟಾಗ ಮನಸ್ಸಿನಲ್ಲಿ ಇದ್ದದ್ದೂ ಮಕ್ಕಳ ತೋಟವೇ. ಎರಡು ವರ್ಷದ ಮಗುವಿಗೆ ಏನು ಸಿಲಬಸ್ ಅಂತ ನಾನೇ ಮೊದಲನೇ ಸಲ ಕೇಳಿದ್ದೆ. ಈಗ ಅದನ್ನು ಕೇಳುವುದಿಲ್ಲ.

ಈಗ ನಾನು ಕೇಳುವುದು ಮೂರೇ ವಿಷಯ. ಈ ರೂಮಿನಲ್ಲಿ, ಈ ಹೊತ್ತಿನಲ್ಲಿ, ಎಷ್ಟು ಮಕ್ಕಳಿಗೆ ಎಷ್ಟು ಜನ? ಆಫೀಸಿನಲ್ಲಿ ಕೂತವರನ್ನು, ಅಡುಗೆಯವರನ್ನು, ಗೇಟ್ ಕಾಯುವವರನ್ನು ಸೇರಿಸಿ ಲೆಕ್ಕ ಹೇಳುವವರು ಇದ್ದಾರೆ, ಹುಷಾರು. ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲೇಬೇಕು. ಎರಡು ವರ್ಷದವರಾದರೆ ಐದು ಮಕ್ಕಳಿಗೆ ಒಬ್ಬರು. 2023ರವರೆಗೆ ಅದೂ ನಾಲ್ಕಕ್ಕೆ ಒಬ್ಬರು ಅಂತಿತ್ತು. ನೀವಿರುವ ಕಡೆ ನಿಯಮ ಏನೇ ಇರಲಿ, ಒಬ್ಬರ ಮಡಿಲಲ್ಲಿ ಒಂದು ಸಲಕ್ಕೆ ಎಷ್ಟು ಮಕ್ಕಳು ಹಿಡಿಯುತ್ತಾರೆ ಅನ್ನುವುದು ಎಲ್ಲ ಕಡೆಯೂ ಒಂದೇ ಅಲ್ವಾ?

ಎರಡನೆಯದು, ಮಗುವನ್ನು ನೋಡಿಕೊಳ್ಳುವವರನ್ನೇ ನೇರವಾಗಿ ಕೇಳುವುದು: ನೀವು ಇಲ್ಲಿ ಎಷ್ಟು ದಿನದಿಂದ ಇದ್ದೀರಿ? ನೋಡಿಕೊಳ್ಳುವವರು ಮೂರು ತಿಂಗಳಿಗೊಮ್ಮೆ ಬದಲಾಗುವ ಕಡೆ ಮಗು ಯಾರನ್ನು ನೆಚ್ಚಿಕೊಳ್ಳಬೇಕು? ಮೂರನೆಯದು, ಮೊದಲ ದಿನಗಳಲ್ಲಿ ನಾನು ಜೊತೆಗೆ ಕೂರಬಹುದಾ?

ಒಂಬತ್ತನೇ ಜಾಗ ಒಂದು ಹಳೇ ಮನೆ. ಗೋಡೆಗೆ ಬಣ್ಣ ಹೊಡೆದು ಎಷ್ಟು ವರ್ಷ ಆಗಿತ್ತೋ. ನಾನು ಹೋದಾಗ ಒಬ್ಬ ಹುಡುಗ ನಿದ್ದೆಯಿಂದ ಎದ್ದು ಅಳುತ್ತಿದ್ದ. ನೋಡಿಕೊಳ್ಳುವ ಆಂಟಿ ಅವನನ್ನು ತಕ್ಷಣ ಎತ್ತಿಕೊಳ್ಳಲಿಲ್ಲ. ಚಾಪೆಯ ಮೇಲೆ ಅವನ ಪಕ್ಕ ಕೂತು, ಬೆನ್ನಿನ ಮೇಲೆ ಕೈ ಇಟ್ಟರು. ಸುಮ್ನೆ ಇಟ್ಟುಕೊಂಡೇ ಇದ್ದರು. "ನಿದ್ದೆ ಇನ್ನೂ ಇದೆಯಾ ಕಂದ?" ಅಂದರು. ಅವನು ತಲೆ ಅಲ್ಲಾಡಿಸಿದ. ಮತ್ತೆ ಕಾದರು. ಅವನೇ ತೆವಳಿಕೊಂಡು ಬಂದು ಅವರ ತೊಡೆ ಮೇಲೆ ತಲೆ ಇಟ್ಟ. ಅಷ್ಟರಲ್ಲಿ ಇನ್ನೊಂದು ಮಗು ಬಂದು ಅವರ ಸೆರಗು ಎಳೆಯಿತು. ಅದಕ್ಕೂ ಮುಖ ತಿರುಗಿಸಿ ಉತ್ತರ ಕೊಟ್ಟರು, ಕೈ ಮಾತ್ರ ಹುಡುಗನ ಬೆನ್ನಿನ ಮೇಲೇ ಇತ್ತು. ನಾನು ಬಂದು ನಿಂತಿದ್ದನ್ನು ಅವರು ನೋಡಿರಲಿಲ್ಲ.

ಅವರು ಅಲ್ಲಿ ಆರು ವರ್ಷದಿಂದ ಇದ್ದಾರೆ. ಆ ಹೊತ್ತಿಗೆ ಹನ್ನೊಂದು ಮಕ್ಕಳಿಗೆ ಮೂವರು ಇದ್ದರು.

ಅಲ್ಲಿ ಇನ್ನೊಂದು ಆಯಿತು. ನಾನು ಕೇಳುವುದಕ್ಕಿಂತ ಜಾಸ್ತಿ ಅವರೇ ನನ್ನನ್ನು ಕೇಳಿದರು. ನಿದ್ದೆ ಬಂದರೆ ಏನು ಮಾಡ್ತಾಳೆ? ಕಿವಿ ಎಳೆದುಕೊಳ್ಳುತ್ತಾಳೆ. ಬಾತ್‌ರೂಮಿಗೆ ಹೋಗಬೇಕು ಅನ್ನಲು ಯಾವ ಮಾತು ಹೇಳ್ತಾಳೆ? ಯಾವ ಸದ್ದಿಗೆ ಹೆದರ್ತಾಳೆ? ಮೊದಲಿನ ಕಡೆ ಏನಾಯಿತು? ನಾನು ಬೊಂಬೆಯ ವಿಷಯ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. "ಆ ಬೊಂಬೇನೂ ಕರ್ಕೊಂಡು ಬನ್ನಿ" ಅಂದರು. ಮೊದಲಿನ ಕಡೆ ನಮಗೆ ಕೊಟ್ಟಿದ್ದು ಒಂದು ಫಾರಂ. ಅದರಲ್ಲಿ ಬ್ಲಡ್ ಗ್ರೂಪ್ ಇತ್ತು, ಅವಳು ಇರಲಿಲ್ಲ.

ನಾಲ್ಕು ದಿನ ನಾನು ಜೊತೆಯಲ್ಲಿ ಕೂತೆ. ಮೊದಲ ದಿನ ಪೂರ್ತಿ ಒಂದು ಗಂಟೆ. ಎರಡನೇ ದಿನ ಹತ್ತು ನಿಮಿಷ ಹೊರಗೆ ಹೋಗಿ ಬಂದೆ. ಹೋಗುವಾಗ ಹೇಳಿಯೇ ಹೋಗಿ, ಕಣ್ಣು ತಪ್ಪಿಸಿ ಹೋಗಬೇಡಿ ಅಂತ ಆಂಟಿ ಹೇಳಿದರು. ಅವಳು ಅತ್ತಳು. ನಾನೂ ಗೇಟಿನ ಹೊರಗೆ ಅತ್ತೆ. ಆದರೆ ಹೇಳಿದ ಹೊತ್ತಿಗೆ ಬಂದೆ, ಅದು ಅವಳಿಗೆ ಗೊತ್ತಾಯಿತು. ಮೊದಲಿನ ಕಡೆ ಐದು ವಾರವೂ ಆಟಿಕೆ ತೋರಿಸಿ, ಮುಖ ಆ ಕಡೆ ತಿರುಗಿದ ಕೂಡಲೇ ಓಡುತ್ತಿದ್ದೆ. ಅವಳು ಚಪ್ಪಲಿ ಸ್ಟ್ಯಾಂಡ್ ಬಿಟ್ಟು ಏಳದೇ ಇದ್ದಿದ್ದರಲ್ಲಿ ನನ್ನ ತಪ್ಪೂ ಇದೆ.

ಇದರ ಮಧ್ಯೆ ಅತ್ತೆ ಒಮ್ಮೆ ಫೋನಿನಲ್ಲಿ "ಇಷ್ಟು ಚಿಕ್ಕ ಮಗೂನ ಬಿಟ್ಟಿರೋಕೆ ಹೇಗೆ ಮನಸ್ಸು ಬರುತ್ತಮ್ಮ" ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಅಂಥ ಮಾತು ಕೇಳಿದ ಬೇರೆ ಅಮ್ಮಂದಿರಿಗೆ ಇದು ಬೇಕಾಗಬಹುದು: ಅಮೆರಿಕದಲ್ಲಿ 1991ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿತು. ಮಗುವಿನ ಬೆಳವಣಿಗೆಗೆ ಡೇಕೇರ್‌ಗೆ ಹೋಯಿತಾ ಇಲ್ಲವಾ ಅನ್ನುವುದಕ್ಕಿಂತ ಮನೆಯ ವಾತಾವರಣ, ಅಮ್ಮ ಮಗುವಿಗೆ ಸ್ಪಂದಿಸುವ ರೀತಿ ಹೆಚ್ಚು ಮುಖ್ಯ ಅಂತ ಅದರಲ್ಲಿ ಕಂಡಿತು. ನೋಡಿಕೊಳ್ಳುವವರು ಮಗುವಿನ ಜೊತೆ ಜಾಸ್ತಿ ಮಾತಾಡುವ ಕಡೆ ಮಕ್ಕಳ ಭಾಷೆಯೂ ಚೆನ್ನಾಗಿ ಬೆಳೆದಿತ್ತು. ಬಿಟ್ಟಿದ್ದು ತಪ್ಪಾ ಅಂತ ಕೊರಗುವುದನ್ನು ನಾನು ಅವತ್ತು ಬಿಟ್ಟೆ. ಎಲ್ಲಿ ಬಿಡುತ್ತೇನೆ ಅನ್ನುವುದನ್ನು ಬಿಟ್ಟಿಲ್ಲ.

ಶೀತ, ಜ್ವರ, ಮೂಗು ಸೋರುವುದು ಮೊದಲ ವರ್ಷ ಎಲ್ಲಿ ಹಾಕಿದರೂ ತಪ್ಪಿದ್ದಲ್ಲ. ರಜೆ ಸ್ವಲ್ಪ ಉಳಿಸಿಕೊಳ್ಳಿ. ಜ್ವರ ಬಂದರೆ ಎಷ್ಟು ದಿನ ಕಳಿಸಬಾರದು ಅಂತ ಮೊದಲೇ ಕೇಳಿಕೊಳ್ಳಿ.

ಈಗ ಏಳು ತಿಂಗಳಾಯಿತು. ಮೊನ್ನೆ ರಾತ್ರಿ ಮಗಳು ಬೊಂಬೆಯನ್ನು ಚಾಪೆಯ ಮೇಲೆ ಬೋರಲು ಮಲಗಿಸಿದಳು. ನನ್ನ ದುಪ್ಪಟ್ಟಾ ಹೊದಿಸಿದಳು. ಪಕ್ಕದಲ್ಲಿ ಕೂತು ಅದರ ಬೆನ್ನಿನ ಮೇಲೆ ಕೈ ಇಟ್ಟಳು. ತಟ್ಟಲಿಲ್ಲ, ಸುಮ್ನೆ ಇಟ್ಟುಕೊಂಡೇ ಇದ್ದಳು. ಊಟಕ್ಕೆ ಬಾರಮ್ಮ ಅಂತ ಕರೆದೆ. ತಿರುಗಿ ನೋಡದೆ ಹೇಳಿದಳು: "ತಡಿಯಮ್ಮಾ. ಇವಳಿಗೆ ನಿದ್ದೆ ಇನ್ನೂ ಇದೆ."