ಲಾರಿ ಹಾಡು: ಎರಡನೇ ಚರಣ ಕೂತಿತು, ಬ್ರಿಜ್ ಎಂಬ ತಿರುವು ಇನ್ನೂ ಬಾಕಿ

ಅಮೆರಿಕದ ನ್ಯಾಶ್‌ವಿಲ್ ಪಕ್ಕದ ಫ್ರಾಂಕ್ಲಿನ್‌ನಲ್ಲಿ ಕೂತು ಕನ್ನಡದಲ್ಲಿ ಕಂಟ್ರಿ ಹಾಡು, ಅಂದರೆ ಇಲ್ಲಿನ ಹಳ್ಳಿಗಾಡಿನ ಧಾಟಿಯ ಹಾಡು, ಬರೆಯುವ ಹುಚ್ಚು ಮುಂದುವರಿದಿದೆ. ಸದ್ಯದ ಹಾಡು ನಮ್ಮ ದೊಡ್ಡಪ್ಪನದು. ಹೊಸಪೇಟೆಯಿಂದ ಬೇಲೇಕೇರಿ ಬಂದರಿಗೆ ಅದಿರು ಸಾಗಿಸುತ್ತಿದ್ದ ಡ್ರೈವರ್ ಅವರು. ಹುಕ್, ಅಂದರೆ ಮತ್ತೆ ಮತ್ತೆ ಬಂದು ಕಿವಿಯಲ್ಲಿ ಉಳಿಯುವ ಸಾಲು, ಮೊದಲೇ ಸಿಕ್ಕಿತ್ತು: 'ಅಂಕೋಲಾಕ್ಕೆ ಅರ್ಧ ರಾತ್ರಿ'. ದೂರವನ್ನು ಅವರು ಲೆಕ್ಕ ಹಾಕುತ್ತಿದ್ದದ್ದೇ ಹಾಗೆ, ಕಿಲೋಮೀಟರ್ ಲೆಕ್ಕ ಅವರ ಬಾಯಲ್ಲಿ ಕೇಳಿದ ನೆನಪಿಲ್ಲ.

ತಿಂಗಳಿಡೀ ಕಾಡಿದ್ದು ಪ್ರಾಸ. ನಮ್ಮ ವಾಕ್ಯಗಳು ಕ್ರಿಯಾಪದದಲ್ಲಿ ಮುಗಿಯುತ್ತವಲ್ಲ, ಸಾಲು ಸಾಲಿಗೂ 'ಹೋಗಿತ್ತು, ಬಂದಿತ್ತು, ನಿಂತಿತ್ತು' ಅಂತಲೇ ಆಗಿ ಕಿವಿ ಬೇಸತ್ತಿತು. ನಮ್ಮ ಹಳೆಯ ಕವಿಗಳೂ ತ್ರಿಪದಿ ಕಟ್ಟಿದ ಹೆಂಗಸರೂ ಪ್ರಾಸವನ್ನು ಸಾಲಿನ ಎರಡನೇ ಅಕ್ಷರದಲ್ಲಿಟ್ಟು ಈ ಗೋಳಿನಿಂದ ಪಾರಾದರು. ಕಂಟ್ರಿಯಲ್ಲಿ ಅದು ನಡೆಯುವುದಿಲ್ಲ, ಹುಕ್ ಬಂದು ಬೀಳುವುದೇ ಸಾಲಿನ ಕೊನೆಗೆ. ಹಾಗಾಗಿ ಕ್ರಿಯಾಪದವನ್ನು ಒಳಗೆ ತಳ್ಳಿ, ಕೊನೆಗೆ ಕೈಗೆ ಸಿಗುವ ವಸ್ತುವನ್ನಿಟ್ಟೆ:

ಅಂಗಿ ತುಂಬ ಕೆಂಪು ಧೂಳು, ಸೀಟಿನ ಹಿಂದೆ ಬುತ್ತಿ,
ಯಲ್ಲಾಪುರ ಈಗ ದಾಟ್ತು, ಅಂಕೋಲಾಕ್ಕೆ ಅರ್ಧ ರಾತ್ರಿ.

ಪೂರ್ತಿ ಪ್ರಾಸವಲ್ಲ, ಗೊತ್ತು. ಹಾಡಿದರೆ ಕೂರುತ್ತದೆ, ನನಗಷ್ಟು ಸಾಕು.

ವಸ್ತುಗಳ ಮೇಲಿನ ಈ ಹಟ ಬಂದದ್ದು ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್‌ರಿಂದ. ಅಲಬಾಮಾದಲ್ಲಿ ಬೆಳೆದ ಹುಡುಗ, ರುಫಸ್ ಪೇನ್ ಎಂಬ ಕಪ್ಪುವರ್ಣೀಯ ಬೀದಿ ಗಾಯಕನ ಹಿಂದೆ ತಿರುಗಿ ಸಂಗೀತ ಕಲಿತವನು, 29ಕ್ಕೇ ತೀರಿಹೋದ. ಏಕಾಂಗಿತನದ ಮೇಲಿನ ಅವನ 1949ರ ಹಾಡಿನಲ್ಲಿ ಹಕ್ಕಿ, ರೈಲು, ಚಂದ್ರ ಇವೇ ಎಲ್ಲ ಕೆಲಸ ಮಾಡುತ್ತವೆ. ಆ ಹಾಡಿನ ತಾಳದಂತೆ ಮೂರರ ಎಣಿಕೆಯಲ್ಲಿ ನನ್ನದನ್ನೂ ಹಾಡಿ ನೋಡಿದೆ. ಅದಿರಿನ ಲಾರಿ ತೊಟ್ಟಿಲಿನಂತೆ ತೂಗಿತು! ನಾಲ್ಕರ ಎಣಿಕೆಗೇ ವಾಪಸ್ಸಾದೆ.

ಹಗಲು ನೌಕರಿ, ರಾತ್ರಿ ಹಾಡು ಎನ್ನುವವರಿಗೆ ಗೀತಕಾರ, ಗಾಯಕ ಕ್ರಿಸ್ ಕ್ರಿಸ್ಟಾಫರ್ಸನ್‌ಗಿಂತ ದೊಡ್ಡ ಆಸರೆ ಇಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿ, ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸಿ, ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಪಾಠ ಮಾಡುವ ಅವಕಾಶ ಬಿಟ್ಟು 1965ರಲ್ಲಿ ನ್ಯಾಶ್‌ವಿಲ್‌ಗೆ ಬಂದರು. ಕೊಲಂಬಿಯಾ ಸ್ಟುಡಿಯೋದಲ್ಲಿ ಕಸ ಗುಡಿಸುವ ಕೆಲಸ. 1966ರಲ್ಲಿ ಬಾಬ್ ಡಿಲನ್ ಅಲ್ಲೇ ರೆಕಾರ್ಡ್ ಮಾಡುವಾಗ ಇವರ ಕೈಯಲ್ಲಿ ಪೊರಕೆ. ಆಮೇಲೆ ಲೂಸಿಯಾನಾ ಕಡಲಿನ ತೈಲಬಾವಿಗಳಿಗೆ ಹೆಲಿಕಾಪ್ಟರ್ ಹಾರಿಸುತ್ತಾ ಬಿಡುವಿನಲ್ಲಿ ಹಾಡು ಬರೆದರು. ಗಾಯಕ ಜಾನಿ ಕ್ಯಾಶ್ ಮನೆಯಂಗಳದಲ್ಲಿ ಹೆಲಿಕಾಪ್ಟರ್ ಇಳಿಸಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಆ ಪೊರಕೆಯ ಕಥೆಯೇ ಹೆಚ್ಚು ಇಷ್ಟ. ಗಾಯಕಿ ಡಾಲಿ ಪಾರ್ಟನ್ ಹೈಸ್ಕೂಲು ಮುಗಿದ ಮರುದಿನವೇ, 1964ರಲ್ಲಿ, ನ್ಯಾಶ್‌ವಿಲ್‌ಗೆ ಬಂದರಂತೆ. ಅಷ್ಟು ಧೈರ್ಯ ನಮಗೆಲ್ಲಿ.

ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಚಾರ್ಟ್ ಬರೆದಾಯಿತು. ಇಲ್ಲಿನ ವಾದಕರು ಕಾರ್ಡ್‌ಗಳನ್ನು ಹೆಸರಿನಿಂದಲ್ಲ, ಶ್ರುತಿಯಿಂದ ಎಷ್ಟನೇ ಸ್ವರವೋ ಆ ಅಂಕಿಯಿಂದ ಬರೆಯುತ್ತಾರೆ: 1, 4, 5. 1950ರ ದಶಕದ ಕೊನೆಗೆ ಜಾರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಶುರು ಮಾಡಿದ ಪದ್ಧತಿ ಇದು. ಜಿ ಶ್ರುತಿಯಲ್ಲಿ ಜಿ, ಸಿ, ಡಿ. ಗಾಯಕರಿಗೆ ಎತ್ತರ ಸಾಲದಿದ್ದರೆ ಎ, ಡಿ, ಇ. ಹಾಳೆ ಮಾತ್ರ ಅದೇ. ಚಿಕ್ಕಂದಿನಲ್ಲಿ ಸರಳೆ ವರಸೆ ಕಲಿತವರಿಗೆ ಇದರಲ್ಲಿ ಹೊಸದೇನಿದೆ? ಷಡ್ಜ, ಮಧ್ಯಮ, ಪಂಚಮ, ಶ್ರುತಿ ಯಾವುದಾದರೇನು. ನನ್ನ ಚರಣಕ್ಕೆ 1 1 4 1, 1 1 5 5. ಪಲ್ಲವಿ 4ರಿಂದ ಎತ್ತಿಕೊಳ್ಳುತ್ತದೆ, ಅರಬೈಲ್ ಘಟ್ಟ ಬರುವುದೇ ಅಲ್ಲಿ.

ಬ್ರಿಜ್‌ಗೆ ಸಾಮಗ್ರಿ ಬೇಕಿತ್ತು, ದೊಡ್ಡಪ್ಪನಿಗೆ ಫೋನ್ ಹಚ್ಚಿದೆ. ನಿದ್ದೆ ಬರದಿರಲೆಂದು ಜೇಬಿನಲ್ಲಿ ಹುರಿಗಡಲೆ ಇಟ್ಟುಕೊಂಡು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ. ಜೇಬಿಗೆ ಕೈ ಹಾಕಿದರೆ ಬೆರಳೂ ಕೆಂಪು, ಕಡಲೆಯೂ ಕೆಂಪು. ಹಾಡಿನ ವಿಷಯ ಹೇಳಿದ್ದಕ್ಕೆ, "ನನ್ನ ಹೆಸರು ಬ್ಯಾಡಪ್ಪ, ಬೇಕಂದ್ರೆ ಲಾರಿ ನಂಬರ್ ಹಾಕು" ಅಂದರು.

ಲಾರಿ ನಂಬರ್ ಛಂದಸ್ಸಿಗೆ ಒಗ್ಗುತ್ತಿಲ್ಲ, ಹುರಿಗಡಲೆ ಸಲೀಸಾಗಿ ಒಗ್ಗಿದೆ. ಬ್ರಿಜ್ ಮುಗಿದ ಮೇಲೆ ಬ್ಲೂಬರ್ಡ್ ಕೆಫೆಯ ಸೋಮವಾರದ ಓಪನ್ ಮೈಕ್‌ಗೆ, ಯಾರು ಬೇಕಾದರೂ ಹಾಡಬಹುದಾದ ವೇದಿಕೆಗೆ, ಹೆಸರು ಕೊಡುತ್ತೇನೆ. 1982ರಲ್ಲಿ ಶುರುವಾದ, ಹಾಡು ಬರೆಯುವವರು ಬಂದು ಹಾಡುವ ಪುಟ್ಟ ಜಾಗ, ಪಿಸುಗುಟ್ಟಿದರೂ ಸುಮ್ಮನಿರಿ ಎನ್ನುತ್ತಾರೆ. ಕನ್ನಡದಲ್ಲೇ ಹಾಡುವುದು, ಮೊದಲಿಗೆ ಇಂಗ್ಲಿಷಿನಲ್ಲಿ ಒಂದೇ ಮಾತು: ಲಾರಿ, ರಾತ್ರಿ, ಘಟ್ಟ.