ಕಾನರಿಯ ಬಾಂಡ್ ಸೆಟ್ ಬಂತು, ನಮ್ಮ ರಾಜ್‌ಕುಮಾರ್ 999 ಯಾವಾಗ?

ಹೋದ ವಾರದ ಮಳೆಗೆ ಮೂರು ದಿನ ನೆಟ್ ಇರಲಿಲ್ಲ. ನಮ್ಮ ಮನೆ ಚಿಕ್ಕಮಗಳೂರಿನಿಂದ ಮೂಡಿಗೆರೆ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ಮಧ್ಯೆ. ಇಲ್ಲಿ ಮಳೆಗಾಲದಲ್ಲಿ ಸ್ಟ್ರೀಮಿಂಗ್ ನಂಬಿಕೊಂಡು ಕೂತರೆ ಸಿನಿಮಾ ನೋಡಿದ ಹಾಗೇ. ಇನ್ವರ್ಟರ್ ಇತ್ತು, ಡಿಸ್ಕ್ ಇತ್ತು, ಜೊತೆಗೆ ಅಪ್ಪ ಇದ್ದರು.

ಶಾನ್ ಕಾನರಿಯ ಆರು ಜೇಮ್ಸ್ ಬಾಂಡ್ ಸಿನಿಮಾಗಳ 4ಕೆ (ತುಂಬಾ ಸ್ಪಷ್ಟ ಚಿತ್ರದ ಡಿಸ್ಕ್) ಸೆಟ್ 2025ರ ಜೂನ್‌ನಲ್ಲಿ ಬಂತಲ್ವಾ, ಅದನ್ನೇ ಶುರು ಮಾಡಿದೆವು. 1962ರ ‘ಡಾಕ್ಟರ್ ನೋ’ದಿಂದ 1971ರ ‘ಡೈಮಂಡ್ಸ್ ಆರ್ ಫಾರೆವರ್’ವರೆಗೆ. ಮಧ್ಯೆ ಒಂದು ರಾತ್ರಿ ನಿರ್ದೇಶಕ ಹಿಚ್‌ಕಾಕ್‌ನ ಗೂಢಚಾರಿ ಸಿನಿಮಾ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಹಾಕಿದೆ. ಅದರ 4ಕೆ ಡಿಸ್ಕ್ 2024ರಲ್ಲಿ ಬಂದಿದ್ದು. 1959ರ ಸಿನಿಮಾ ಅಂದರೆ ನಂಬುವುದಕ್ಕೆ ಆಗುವುದಿಲ್ಲ! ಅದನ್ನು ತೆಗೆದಿದ್ದು ವಿಸ್ಟಾವಿಷನ್‌ನಲ್ಲಿ, ಅಂದರೆ ಕ್ಯಾಮೆರಾದೊಳಗೆ ರೀಲು ಅಡ್ಡಡ್ಡ ಓಡುತ್ತದೆ, ಒಂದೊಂದು ಫ್ರೇಮಿಗೂ ಜಾಗ ಹೆಚ್ಚುಕಮ್ಮಿ ಎರಡರಷ್ಟು ಸಿಗುತ್ತದೆ. ವಿಮಾನ ಅಟ್ಟಿಸಿಕೊಂಡು ಬರುತ್ತದಲ್ಲ, ಆ ಹೊಲದಲ್ಲಿ ಕ್ಯಾರಿ ಗ್ರಾಂಟ್‌ನ ಬೂದು ಸೂಟಿನ ಮೇಲೆ ಕೂತ ಧೂಳು ಕಾಣುತ್ತದೆ. ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡು ನೋಡಿದರು.

ಗೂಢಚಾರಿ ಸಿನಿಮಾಗೆ ಡಿಸ್ಕೇ ಸರಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಇವುಗಳಲ್ಲಿ ರಾತ್ರಿ ಜಾಸ್ತಿ, ನೆರಳು ಜಾಸ್ತಿ, ಸಿಗರೇಟಿನ ಹೊಗೆ ಜಾಸ್ತಿ. 4ಕೆ ಡಿಸ್ಕಿನಲ್ಲಿ ಚಿತ್ರ, ಧ್ವನಿಯ ಮಾಹಿತಿಗೆ ಸೆಕೆಂಡಿಗೆ 128 ಮೆಗಾಬಿಟ್‌ವರೆಗೆ ಜಾಗ ಇರುತ್ತದೆ, ಸ್ಟ್ರೀಮಿಂಗ್‌ನಲ್ಲಿ ಅದರ ಕಾಲು ಭಾಗ ಸಿಕ್ಕರೂ ಹೆಚ್ಚು, ಹಾಗಾಗಿ ಕತ್ತಲೆಯೆಲ್ಲ ಚೌಕ ಚೌಕವಾಗಿ ಒಡೆದುಹೋಗುತ್ತದೆ. ತರಿಸುವವರಿಗೆ ಒಂದು ಮಾತು: 4ಕೆ ಡಿಸ್ಕಿಗೆ ರೀಜನ್ ಕಾಟ, ಅಂದರೆ ಒಂದು ಕಡೆಯ ಡಿಸ್ಕ್ ಇನ್ನೊಂದು ಕಡೆಯ ಪ್ಲೇಯರ್‌ನಲ್ಲಿ ಓಡದಿರುವ ತೊಂದರೆ, ಇಲ್ಲ. ಮಾಮೂಲಿ ಬ್ಲೂ-ರೇ ಆದರೆ ನೋಡಿಕೊಳ್ಳಿ, ಅಮೆರಿಕದ್ದು ಎ, ಬ್ರಿಟನ್ನಿನದ್ದು ಬಿ, ನಮ್ಮದು ಸಿ.

ಮೂರನೇ ರಾತ್ರಿ ಅಪ್ಪ ಬೀರು ತೆಗೆದು ‘ಜೇಡರ ಬಲೆ’ ವಿಸಿಡಿ ಕೊಟ್ಟರು. ಬೂಷ್ಟು ಹಿಡಿಯದಿರಲಿ ಅಂತ ಮಳೆಗಾಲ ಪೂರ್ತಿ ಆ ಬೀರುವಿನಲ್ಲಿ ಒಂದು ಸಣ್ಣ ಬಲ್ಬ್ ಉರಿಯುತ್ತಿರುತ್ತದೆ. 1968ರ ಸಿನಿಮಾ, ದೊರೈ-ಭಗವಾನ್ ಜೋಡಿಯ ಮೊದಲ ನಿರ್ದೇಶನ, ರಾಜ್‌ಕುಮಾರ್ ಇದರಲ್ಲಿ ಗೂಢಚಾರಿ ಸಿ.ಐ.ಡಿ. 999. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’ ಕೂಡ ಬಂತು. ವಿಸಿಡಿ ಅಂದರೆ 352 ಅಡ್ಡ, 288 ಉದ್ದ, ಅಷ್ಟೇ ಚುಕ್ಕಿ. ಅಣ್ಣಾವ್ರ ಕಣ್ಣು ಎರಡು ಕಪ್ಪು ಗುರುತು, ಹಿಂದಿನ ಗೋಡೆ ಒಂದು ಬೂದು ಹಚ್ಚಡ. ಅರ್ಧಕ್ಕೆ ಎದ್ದು ಎರಡನೇ ಡಿಸ್ಕ್ ಹಾಕಬೇಕು. ಹಿಂದಿನ ರಾತ್ರಿಯಷ್ಟೇ ಅದೇ ದಶಕದ ಕಾನರಿಯ ಮುಖ ನೋಡಿದ್ದೆನಲ್ಲ, ಹೊಟ್ಟೆಗೆ ಚುರ್ ಅಂತು.

ಹಳೆ ಕನ್ನಡ ಸಿನಿಮಾದ ರೀಲನ್ನು ಸರಿಪಡಿಸಿ ಹೊಸದರಂತೆ ಮಾಡುವುದು ಆಗದ ಕೆಲಸವೇನಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ಹೊಸದಾಗಿ ರೆಸ್ಟೋರ್ ಆಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದಕ್ಕೆ ಸಿಕ್ಕ ಆರೈಕೆ 999ಕ್ಕೂ ಸಿಗಬೇಕು. ಜನ ಸೀಟಿ ಹೊಡೆದು ನೋಡಿದ ಸಿನಿಮಾ ಅಂತ ಅದನ್ನು ಹಿಂದಕ್ಕೆ ತಳ್ಳಬಾರದು. ರೀಲು ಕಾಯುವುದಿಲ್ಲ, ತೇವಕ್ಕೆ ಹಾಳಾಗುತ್ತದೆ.

ಸಿ.ಐ.ಡಿ. 999 ಸಿನಿಮಾಗಳ ನೆಗೆಟಿವ್ ಅಥವಾ ಒಳ್ಳೆಯ ಪ್ರಿಂಟ್ ಎಲ್ಲಿದೆ ಅಂತ ಗೊತ್ತಿರುವವರು ದಯವಿಟ್ಟು ನನಗೆ ಬರೆಯಿರಿ. ಡಿಸ್ಕ್ ಬಂದ ದಿನವೇ ಎರಡು ತಗೊಳ್ಳುತ್ತೇನೆ, ಒಂದು ಅಪ್ಪನ ಬೀರುವಿಗೆ.